ಕ್ಲಚ್ ಕೆಟ್ಟಿರಲಿಲ್ಲ

ನಮ್ಮ ಲಾರಿಯ ಕ್ಲಚ್ ಕೆಟ್ಟಿದೆ ಎಂದು ನಾನು ಎರಡು ಸಲ ಬಿಚ್ಚಿಸಿದೆ. ಮೊದಲ ಸಲ ಪ್ಲೇಟು ಬದಲಾಯಿತು. ಎರಡನೆಯ ಸಲ ಕೊಟ್ಟೂರಿನ ನಮ್ಮ ಮೇಸ್ತ್ರಿ ವೀರೇಶ ಗಾಡಿಯ ಕೆಳಗಿನಿಂದ ಎದ್ದು ಬಂದು, ಕೈಯ ಗ್ರೀಸನ್ನು ಹಳೆಯ ಬಟ್ಟೆಗೆ ಒರೆಸಿಕೊಳ್ಳುತ್ತ ನನ್ನ ಮುಖವನ್ನೇ ನೋಡಿದ.

"ಹಾಲಪ್ಪಣ್ಣ, ಇದಕ್ಕ ಏನೂ ಆಗಿಲ್ಲ. ಹೊಸ ಮದಲಗಿತ್ತಿ ಇದ್ದಂಗ ಐತಿ. ಯಾಕ ಸುಮ್ನ ಅದರ ಮ್ಯಾಲ ಅಪವಾದ ಹೊರಸ್ತಿ?"

"ಎಲ್ಲಿ ಹಿಡೀತೈತಿ, ಎಲ್ಲಿ ಬಿಡ್ತೈತಿ ತಿಳೀವಲ್ದೋ. ಅರಿವಿ ಗಂಟು ತುಳಿದಂಗ ಆಕ್ಕೈತಿ."

"ನಾ ತುಳಿದ್ರ ತಿಳೀತೈತಿ. ನಿನಗ ತಿಳೀವಲ್ದು ಅಂದ್ರ ನಾ ಏನ್ ಮಾಡ್ಲಿ?"

ಅವನು ಹೇಳಿದ್ದು ಖರೆಯೇ ಆಗಿತ್ತು. ಆದರೆ ಆವತ್ತು ನನಗೆ ಸಿಟ್ಟು ಬಂತು. ಬದುಕೆಲ್ಲ ಸ್ಟೇರಿಂಗ್ ಹಿಡಿದವನಿಗೆ ಕ್ಲಚ್ ತಿಳಿಯುವುದಿಲ್ಲ ಅನ್ನುವುದೆಂದರೆ, ಅಡುಗೆಯವಳಿಗೆ ಉಪ್ಪು ತಿಳಿಯುವುದಿಲ್ಲ ಎಂದ ಹಾಗೆ. ಮಾತು ಬೆಳೆಸದೆ ಗಾಡಿ ಹತ್ತಿ ಮನೆಗೆ ಬಂದೆ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಬರವಣಿಗೆ ಎಂದರೆ ಲಾರಿಯ ಹಿಂದೆ ಪೇಂಟರ್ ಕೈಯಲ್ಲಿ ಬರೆಸಿದ್ದಷ್ಟೇ. ಆದರೂ ಈಗ ಬರೆಯಲು ಕೂತಿದ್ದೇನೆ. ಹರಪನಹಳ್ಳಿಯ ದೊಡ್ಡ ಆಸ್ಪತ್ರೆಯ ಬೆಂಚಿನ ಮೇಲೆ ನನ್ನಂಥ ಡ್ರೈವರ್‌ಗಳನ್ನು ಬಹಳ ಮಂದಿ ನೋಡಿದೆ. ಎಲ್ಲರೂ ಕಾಲನ್ನು ಬೆಂಚಿನ ಕೆಳಕ್ಕೆ ಎಳೆದುಕೊಂಡು ಕೂತಿರುತ್ತಾರೆ. ಕೇಳಿದರೆ "ಸುಮ್ನ ಬಂದೀನ್ರಿ" ಎನ್ನುತ್ತಾರೆ. ಅವರಲ್ಲಿ ಒಬ್ಬನಾದರೂ ಇದನ್ನು ಓದಿದರೆ ಸಾಕು. ಇನ್ನೊಂದು ಕಾರಣವೂ ಇದೆ. ನನಗೊಬ್ಬಳು ಮೊಮ್ಮಗಳಿದ್ದಾಳೆ. ಕಾಗದದಲ್ಲಿ ಅವಳ ಹೆಸರು ಆದ್ಯಾ, ನನ್ನ ಬಾಯಲ್ಲಿ ಚಿನ್ನಿ. ಅವಳ ಸುದ್ದಿಯನ್ನು ಯಾರ ಮುಂದಾದರೂ ಹೇಳದಿದ್ದರೆ ನನಗೆ ಉಂಡದ್ದು ಕರಗುವುದಿಲ್ಲ. ನನ್ನ ಕಾಲಿನ ಕಥೆ ಹೇಳಬೇಕೆಂದರೆ ಅವಳ ಕಥೆಯೂ ಬರುತ್ತದೆ. ಸಹಿಸಿಕೊಳ್ಳಿ.

ಮೊದಲು ನಮ್ಮವರ ಒಂದು ಪದ್ಧತಿ ಹೇಳಬೇಕು. ನಮ್ಮ ಕಡೆಯ ಎಷ್ಟೋ ಡ್ರೈವರ್‌ಗಳು ಕ್ಯಾಬಿನ್ನಿಗೆ ಚಪ್ಪಲಿ ಹಾಕಿಕೊಂಡು ಹತ್ತುವುದಿಲ್ಲ. ಗಾಜಿನ ಮುಂದೆ ದೇವರ ಫೋಟೊ ಇರುತ್ತದೆ, ಅದಕ್ಕೆ ದಿನವೂ ಊದಿನಕಡ್ಡಿ, ಶುಕ್ರವಾರ ಹೂವಿನ ಸರ. ಚಪ್ಪಲಿಯನ್ನು ಕೆಳಗೆ ಟೂಲ್ ಬಾಕ್ಸಿನಲ್ಲಿ ಇಟ್ಟು, ಕಾಲು ಝಾಡಿಸಿ ಹತ್ತುವುದು. ನನ್ನ ಗಾಡಿಯಲ್ಲಿ ಹಮಾಲರೂ ಹಾಗೆಯೇ ಹತ್ತುತ್ತಿದ್ದರು. ಒಮ್ಮೆ ದಾರಿಯಲ್ಲಿ ಲಿಫ್ಟ್ ಕೇಳಿದ ಪೊಲೀಸಪ್ಪ ಕೂಡ ಬೂಟು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

ಬರಿಗಾಲಿನಲ್ಲಿ ಓಡಿಸಲು ಇನ್ನೊಂದು ಆಸೆಯೂ ಇತ್ತು. ಗಾಡಿ ಅಂಗಾಲಿನ ಮೂಲಕ ಮಾತಾಡುತ್ತದೆ. ಮೆಕ್ಕೆಜೋಳ ತುಂಬಿದಾಗ ಕ್ಲಚ್ ಒಂದು ರೀತಿ ನಡುಗುತ್ತದೆ, ಈರುಳ್ಳಿ ತುಂಬಿದಾಗ ಇನ್ನೊಂದು ರೀತಿ. ಕೂಡ್ಲಿಗಿ ಕಡೆಯ ಏರು ಹತ್ತುವಾಗ ಇಂಜಿನ್ನು ದಣಿದದ್ದು ಕಿವಿಗೆ ಕೇಳುವ ಮೊದಲೇ ನನ್ನ ಅಂಗಾಲಿಗೆ ತಿಳಿಯುತ್ತಿತ್ತು. ಆ ಕಾಲಿನ ಬಗ್ಗೆ ನನಗೆ ಸ್ವಲ್ಪ ಗರ್ವವೇ ಇತ್ತು.

ಶುಗರ್ ಇದೆ ಎಂದು ಹಿಂದಿನ ಸಲ ಲೈಸೆನ್ಸ್ ರಿನೀವಲ್ ಮಾಡಿಸಿದಾಗಲೇ ಹೇಳಿದ್ದರು. ಮಾತ್ರೆಯನ್ನೂ ಕೊಟ್ಟಿದ್ದರು. ಮನೆಯಲ್ಲಿದ್ದ ದಿನ ನನ್ನ ಹೆಂಡತಿ ಗಂಗಮ್ಮ ಎದುರು ನಿಂತು ನುಂಗಿಸುತ್ತಿದ್ದಳು. ರೋಡಿನಲ್ಲಿ ಊಟಕ್ಕೇ ಹೊತ್ತು ಗೊತ್ತಿಲ್ಲ, ಮಾತ್ರೆಯ ನೆನಪು ಎಲ್ಲಿಂದ ಬರಬೇಕು? ಎಲ್ಲೂ ನೋವಿಲ್ಲ, ಜ್ವರವಿಲ್ಲ. ನೋಯದೆ ಇರುವುದನ್ನು ಕಾಯಿಲೆ ಎಂದು ನಂಬುವುದು ಕಷ್ಟ. ನೋಯದೆ ಇರುವುದೇ ಕಾಯಿಲೆ ಎಂದು ಆಗ ಯಾರು ಹೇಳಿದರೂ ನಾನು ನಗುತ್ತಿದ್ದೆ.

ಮತ್ತೆ ರಿನೀವಲ್ ಬಂತು. ಈ ವಯಸ್ಸಿಗೆ ಡಾಕ್ಟರು ಪರೀಕ್ಷೆ ಮಾಡಿ ಸಹಿ ಹಾಕಿದರೇ ದೊಡ್ಡ ಗಾಡಿಯ ಲೈಸೆನ್ಸ್. ನನ್ನ ಜೊತೆ ಖಾಜಾ ಹೊರಟ. ಖಾಜಾ ನನ್ನ ಓರಗೆಯವನು, ಅವನಿಗೂ ಶುಗರ್, ಅವನದೂ ಲಾರಿ. ಪರೀಕ್ಷೆ ಪಾಸಾಗುವ ವಿದ್ಯೆಯೆಲ್ಲ ಅವನಿಗೆ ಗೊತ್ತು.

"ಹಿಂದಿನ ದಿನದಿಂದ ಅನ್ನ ಮುಟ್ಟಬ್ಯಾಡ. ಹಾಗಲಕಾಯಿ ರಸ ಕುಡಿ. ನಾನಂತೂ ಮಾತ್ರಿ ಡಬಲ್ ತಗೊಂಡೀನಿ. ಹೆಂಗ ಇಳಿಯಂಗಿಲ್ಲ ಶುಗರ್, ನೋಡೇಬಿಡ್ತೀನಿ."

ನಾನು ಹಾಗಲಕಾಯಿಯ ರಸ ಕುಡಿದು, ಬರಿ ಹೊಟ್ಟೆಯಲ್ಲಿ ಹೋದೆ. ಡಬಲ್ ಮಾತ್ರೆಗೆ ನನಗೆ ಧೈರ್ಯ ಬರಲಿಲ್ಲ. ಆಸ್ಪತ್ರೆಯಲ್ಲಿ ಸರದಿ ದೊಡ್ಡದಿತ್ತು. ತೆಲಿಗಿ ಕಡೆಯಿಂದ ಬಂದ ಬಾಣಂತಿಯರು, ಕೆಮ್ಮುವ ಮುದುಕರು, ನಡುವೆ ನಾವಿಬ್ಬರು ಇಸ್ತ್ರಿ ಅಂಗಿಯವರು. ಹೊತ್ತು ಏರಿದ ಹಾಗೆ ಖಾಜಾನ ಮಾತು ಕಡಿಮೆಯಾಯಿತು. ಅವನು ಮಾತು ನಿಲ್ಲಿಸಿದನೆಂದರೆ ಏನೋ ಆಗಿದೆ ಎಂದೇ ಅರ್ಥ. ತಿರುಗಿ ನೋಡಿದರೆ ಅಂಗಿಯೆಲ್ಲ ಬೆವರು, ಕೈ ಗಡಗಡ ನಡುಗುತ್ತಿದೆ.

"ಹಾಲಪ್ಪ, ಬಾಗಲಾ ಎರಡು ಕಾಣ್ತಾವಲ್ಲೋ."

ನರ್ಸಮ್ಮ ಓಡಿ ಬಂದು ನೀರಿಗೆ ಸಕ್ಕರೆ ಕಲಸಿ ಕುಡಿಸಿದಳು. ಬೈದಳು ಕೂಡ. "ನಿಮ್ಮಂಥಾರು ವಾರಕ್ಕ ಒಬ್ರರ ಬರ್ತೀರಿ ನೋಡ್ರಿ. ಸ್ಟೇರಿಂಗ್ ಮುಂದ ಹಿಂಗ ಆಗಿದ್ರ?" ಖಾಜಾ ಗ್ಲಾಸು ಕೆಳಗಿಟ್ಟು, "ಅವ್ವಾ, ಜನ್ಮದಾಗ ಸಕ್ಕರಿ ಇಷ್ಟು ರುಚಿ ಅನಿಸಿರಲಿಲ್ಲ" ಎಂದ. ಬೆಂಚೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಅವನ ಕೈ ಹಿಡಿದುಕೊಂಡೇ ಕೂತಿದ್ದೆ. ಇದನ್ನು ಓದುವ ಡ್ರೈವರ್‌ಗಳಿಗೆ ಕೈಮುಗಿದು ಹೇಳುತ್ತೇನೆ, ಪರೀಕ್ಷೆಗೆಂದು ಮಾತ್ರೆ ಹೆಚ್ಚು ನುಂಗಬೇಡಿ.

ಅವನನ್ನು ಇನ್ನೊಂದು ದಿನ ಬಾ ಎಂದು ಕಳಿಸಿದರು. ನನ್ನ ಬೆರಳು ಚುಚ್ಚಿ ನೋಡಿದಾಗ ಶುಗರ್ ಚೆನ್ನಾಗಿಯೇ ಇಳಿದಿತ್ತು. ಒಳಗೊಳಗೇ ಗೆದ್ದೆ ಎಂದುಕೊಂಡು ಡಾಕ್ಟರ ಕೋಣೆಗೆ ಹೋದೆ.

ಡಾಕ್ಟರು ಹಡಗಲಿ ಕಡೆಯ ಹೆಣ್ಣುಮಗಳು, ನನ್ನ ಸೊಸೆಯ ವಯಸ್ಸು. ಕಣ್ಣು ನೋಡಿದರು, ಬಿಪಿ ನೋಡಿದರು. ಕೊನೆಗೆ "ಚಪ್ಪಲಿ ಬಿಚ್ಚಿ ಮಂಚದ ಮ್ಯಾಲ ಮಲಗ್ರಿ ಅಜ್ಜಾರ" ಎಂದರು. ಕೈಯಲ್ಲಿ ಒಂದು ಕಡ್ಡಿ, ಅದರ ತುದಿಗೆ ಮೀನು ಹಿಡಿಯುವ ದಾರದಂಥ ಒಂದು ಎಳೆ.

"ಕಣ್ಣು ಮುಚ್ಚಿಕೊಳ್ರಿ. ನಾ ಅಂಗಾಲಿಗೆ ಮುಟ್ಟಿದಾಗೆಲ್ಲ ಹೂಂ ಅನ್ರಿ. ಅಷ್ಟ."

ಇದೇನು ಮಕ್ಕಳಾಟ ಎಂದುಕೊಂಡು ಕಣ್ಣು ಮುಚ್ಚಿದೆ. ಬಲಗಾಲಿಗೆ ಮುಟ್ಟಿದರು, ಹೂಂ ಎಂದೆ. ಮತ್ತೆ ಮುಟ್ಟಿದರು, ಹೂಂ. ಆಮೇಲೆ ಸುಮ್ಮನಾದರು. ನಾನು ಕಾದೆ. ಹೊರಗೆ ಒಂದು ಕೂಸು ಅಳುತ್ತಿತ್ತು. ಫ್ಯಾನ್ ಕಿರ್ರೆನ್ನುತ್ತಿತ್ತು. ಇನ್ನೂ ಕಾದೆ.

"ಎಡಗಾಲು ಯಾವಾಗ ಶುರು ಮಾಡ್ತೀರಿ ಮೇಡಂ?" ಎಂದು ಕೇಳಿದೆ.

"ಮುಗೀತು ಅಜ್ಜಾರ."

ಕಣ್ಣು ತೆರೆದೆ. ಅವರು ನನ್ನ ಎಡಗಾಲನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಅದೂ ನನಗೆ ತಿಳಿದಿರಲಿಲ್ಲ. ಅಂಗಾಲನ್ನು ಬೆಳಕಿಗೆ ತಿರುಗಿಸಿ, "ಇದು ಯಾವಾಗ ಸುಟ್ಟದ್ದು?" ಎಂದು ಕೇಳಿದರು.

"ಯಾವದು?"

ಅವರು ಮೇಜಿನ ಮೇಲಿದ್ದ ಸಣ್ಣ ಕನ್ನಡಿಯನ್ನು ಹಿಡಿದು ತೋರಿಸಿದರು. ಹೆಬ್ಬೆರಳಿನ ಬುಡದಲ್ಲಿ, ನನ್ನದೇ ಕಾಲಿನಲ್ಲಿ, ಒಂದು ಗಾಯ. ಸುತ್ತ ಕರ್ರಗೆ, ನಡುವೆ ಹಸಿ. ಹಳೆಯ ಗಾಡಿ ನಮ್ಮದು, ಇಂಜಿನ್ನು ಕ್ಯಾಬಿನ್ನಿನ ಒಳಗೇ ಡ್ರೈವರನ ಎಡಕ್ಕೆ ಕೂತಿರುತ್ತದೆ. ಕ್ಲಚ್ ಕಾಲು ಇರುವುದು ಅದರ ಮಗ್ಗುಲಲ್ಲೇ. ಕೆಳಗಿನ ತಗಡು ಬೇಸಿಗೆಯಲ್ಲಿ ಹಂಚಿನ ಹಾಗೆ ಕಾಯುತ್ತದೆ. ಆ ಹಂಚಿನ ಮೇಲೆ ನನ್ನ ಕಾಲು ಬೇಯುತ್ತಿತ್ತು. ನಾನು ದೇವರಿಗೆ ಊದಿನಕಡ್ಡಿ ಹಚ್ಚಿ ಹಾಡು ಹಾಕಿಕೊಂಡು ಹೋಗುತ್ತಿದ್ದೆ.

ವೀರೇಶನ ಮಾತು ಆಗ ನೆನಪಾಯಿತು. ನಾ ತುಳಿದ್ರ ತಿಳೀತೈತಿ.

"ಕ್ಲಚ್ ಕೆಟ್ಟಿರಲಿಲ್ಲ" ಎಂದೆ. ಡಾಕ್ಟರಿಗೆ ಅರ್ಥವಾಗಲಿಲ್ಲ. ಎಲ್ಲ ಹೇಳಿದೆ. ಅವರು ನಗಲಿಲ್ಲ.

"ಶುಗರಿನಿಂದ ಕಾಲಿನ ನರ ಸೊರಗ್ಯಾವು. ಈಗ ನಾ ಸಹಿ ಹಾಕಂಗಿಲ್ಲ ಅಜ್ಜಾರ. ನಿಮ್ಮ ಕಾಲು ಎಲ್ಲೈತಿ ಅಂತ ನಿಮಗ ಗೊತ್ತಿಲ್ಲ. ಮೊದ್ಲು ಗಾಯ ಮಾಯಲಿ. ಬರಿಗಾಲಾಗ ನಡಿಯೋದು ಬಂದ್. ಮನ್ಯಾಗೂ ಬಂದ್, ಗಾಡ್ಯಾಗೂ ಬಂದ್."

"ಗಾಡ್ಯಾಗ ದೇವರು ಅದಾನ್ರಿ ಮೇಡಂ."

"ಇರ್ಲಿ ಬಿಡ್ರಿ. ಅವನೇನು ಕಾಲು ಸುಟ್ಕೋ ಅಂದಾನೇನು?"

ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ.

ಮನೆಗೆ ಬಂದಾಗ ಗಂಗಮ್ಮ ಬಾಗಿಲಲ್ಲೇ ಇದ್ದಳು. ಹೇಳಿದೆ. ಅವಳು ನೆಲಕ್ಕೆ ಕೂತು, ನನ್ನ ಕಾಲನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಮದುವೆಯಾದಾಗಿನಿಂದ ನನ್ನ ಕಾಲನ್ನು ಅವಳು ಹಬ್ಬದ ದಿನ ನಮಸ್ಕಾರಕ್ಕೆ ಬಿಟ್ಟರೆ ಮುಟ್ಟಿದ್ದೇ ಇಲ್ಲ. ಬಹಳ ಹೊತ್ತು ನೋಡಿದಳು. "ಇಷ್ಟು ದೊಡ್ಡ ಗಾಯ. ಒಂದ್ಸಲರ ಹಾ ಅನ್ಬಾರದಾಗಿತ್ತ?" ಎಂದಳು. ಅನ್ನಲು ತಿಳಿದಿದ್ದರಲ್ಲವೇ.

ಮಗ ಬಸವರಾಜ ಹಗರಿಬೊಮ್ಮನಹಳ್ಳಿಯ ಒಂದು ಕಾಲೇಜಿನಲ್ಲಿ ಕ್ಲಾರ್ಕು. ದಿನಾ ಬೈಕಿನಲ್ಲಿ ಹೋಗಿ ಬರುತ್ತಾನೆ. ಸಂಜೆ ಬಂದವನು, "ಸಾಕು ಬಿಡಪ್ಪ. ನನ್ನ ಪಗಾರ ಐತಲ್ಲ. ಗಾಡಿ ಕೊಟ್ಟುಬಿಡೋಣು" ಎಂದ. ಒಳ್ಳೆಯದಕ್ಕೇ ಹೇಳಿದ್ದು. ಆದರೆ ನನಗೆ ಎದೆಯ ಮೇಲೆ ಕಲ್ಲಿಟ್ಟ ಹಾಗಾಯಿತು. ನಾನು ಎಲ್ಲಿಗೆ ಹೋದರೂ ಜನ "ಏನ್ ಡ್ರೈವರ್ರ" ಎಂದೇ ಮಾತಾಡಿಸುತ್ತಾರೆ. ಅದನ್ನು ತೆಗೆದರೆ ನನ್ನನ್ನು ಏನೆಂದು ಕರೆಯಬೇಕು? ಸೊಸೆ ಶಿಲ್ಪಾ ಒಳಗಿನಿಂದಲೇ, "ಮಾವಾರು ಮದ್ಲು ಕಾಲು ಉಳಿಸ್ಕೊಳ್ಳಲಿ. ಗಾಡಿ ಮಾತು ಆಮ್ಯಾಲ" ಎಂದು ಗಂಡನ ಬಾಯಿ ಮುಚ್ಚಿಸಿದಳು. ಆ ಮಾತಿನ ಉಪಕಾರ ನಾನು ಮರೆತಿಲ್ಲ.

ಲಾರಿ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ನಿಂತಿತು. ನಾನು ಕಟ್ಟೆಯ ಮೇಲೆ ಕೂತೆ. ಎಡಗಾಲಿಗೆ ಭಾರ ಬಿಡುವ ಹಾಗಿಲ್ಲ. ಡ್ರೆಸ್ಸಿಂಗ್‌ಗೆಂದು ಖಾಜಾನ ಬೈಕಿನ ಹಿಂದೆ ಕೂತು ಹರಪನಹಳ್ಳಿಗೆ ಹೋಗುವುದು, ಬರುವುದು. ಅನ್ನ ಕಡಿಮೆಯಾಗಿ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ ಹೆಚ್ಚಾಯಿತು. ಗಂಗಮ್ಮ ಮಾತ್ರೆಯನ್ನು ಕೈಗೆ ಕೊಡುವುದನ್ನು ಬಿಟ್ಟು ನಾಲಿಗೆಯ ಮೇಲೇ ಇಡತೊಡಗಿದಳು. ಕೈಗೆ ಕೊಟ್ಟದ್ದು ಜೇಬಿಗೆ ಹೋಗುತ್ತದೆ ಎಂಬ ಅನುಮಾನ.

ಡ್ರೆಸ್ಸಿಂಗ್ ಕೋಣೆಯ ಮುಂದೆ ಇಟ್ಟಿಗಿಯ ಒಬ್ಬ ರೈತ ನನ್ನ ಪಕ್ಕ ಕೂರುತ್ತಿದ್ದ. ಅವನಿಗೆ ಎರಡು ಬೆರಳು ಹೋಗಿದ್ದವು. ಮೊದಲ ದಿನ ನಾನು ಆ ಕಡೆ ನೋಡಲಾರದೆ ಗೋಡೆಯನ್ನು ನೋಡುತ್ತಿದ್ದೆ. ಅವನೇ ಕಾಲು ಮುಂದೆ ಚಾಚಿದ.

"ನೋಡ್ರಿ ಯಜಮಾನ್ರ, ಹೆದರಬ್ಯಾಡ್ರಿ. ಹೋದ ಬೆರಳು ಕೆಲಸಗಳ್ಳರು. ಇದ್ದವು ದುಡೀತಾವು."

ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಅವನು ಬೇರೆ ಕಡೆ ನೋಡಿದ, ನಾನು ಒರೆಸಿಕೊಳ್ಳುವ ತನಕ. ನನ್ನ ಬೆರಳು ಉಳಿದವು. ಅವನ ಹೆಸರನ್ನು ಕೇಳಲೇ ಇಲ್ಲ ಎಂಬ ಕೊರತೆ ಇನ್ನೂ ಇದೆ.

ಈಗ ಚಿನ್ನಿಯ ಮಾತು. ನಾನು ಕಟ್ಟೆ ಹಿಡಿದಾಗ ಅವಳು ಅಂಬೆಗಾಲಿಡುತ್ತಿದ್ದಳು. ಗಾಯ ಒಣಗುವ ಹೊತ್ತಿಗೆ ಗೋಡೆ ಹಿಡಿದು ನಿಂತಳು. ನಾನು ಕೋಲು ಹಿಡಿದು ಎದ್ದರೆ ಅವಳೂ ಎದ್ದಳು, ನಾನು ಕೂತರೆ ಧೊಪ್ಪನೆ ಕೂತಳು. ಬಿದ್ದರೆ ಅಳುವುದಿಲ್ಲ, ನೆಲಕ್ಕೆ ಒಂದೇಟು ಹೊಡೆದು ಮತ್ತೆ ಏಳುತ್ತಾಳೆ. ನನ್ನ ಬದುಕಿನಲ್ಲಿ ಎಷ್ಟೋ ಊರು ನೋಡಿದ್ದೇನೆ, ಎಷ್ಟೋ ಘಟ್ಟ ಇಳಿದಿದ್ದೇನೆ. ಆ ಕೂಸು ಬೇವಿನ ಗಿಡದಿಂದ ಕಟ್ಟೆಯವರೆಗೆ ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ನಡೆದು ಬಂದು ನನ್ನ ಮೊಣಕಾಲು ಅಪ್ಪಿದಾಗ ಆದ ಹಿಗ್ಗು ಯಾವ ಊರಿನಲ್ಲೂ ಆಗಿರಲಿಲ್ಲ. ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಗಂಗಮ್ಮ ನನಗೇನೋ ಆಯಿತೆಂದು ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ಗಾಯ ಮಾಯ್ದು ಪಟ್ಟಿ ಬಿಚ್ಚಿದ ಮೇಲೆ ದಿನವೂ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು ಎಂದಿದ್ದರು. ಹೊಸ ಗಾಯ ಆಗಿದ್ದರೆ ತಿಳಿಯುವುದು ಕಣ್ಣಿಗೆ ಮಾತ್ರ. ನಾನು ಕಾಲು ಚಾಚಿ ಕೂತು ಕನ್ನಡಿ ಹಿಡಿದರೆ ಚಿನ್ನಿ ಎದುರಿಗೆ ಬಂದು ಕೂರುತ್ತಿದ್ದಳು. ಅಲ್ಲಿಂದ ಅವಳು ಒಂದು ಆಟ ಕಂಡುಕೊಂಡಳು. ಎಡಗಾಲಿನ ಅಂಗಾಲಿಗೆ ಪುಟ್ಟ ಬೆರಳಿನಿಂದ ಕಚಗುಳಿ ಇಟ್ಟು ನನ್ನ ಮುಖ ನೋಡುವುದು. ನಾನು ನಗಬೇಕು. ನಕ್ಕರೆ ಅವಳು ಚಪ್ಪಾಳೆ ತಟ್ಟಿ, ಎರಡೇ ಹಲ್ಲು ತೋರಿಸಿ, ಬೆನ್ನು ಹಿಂದಕ್ಕೆ ಬಾಗಿಸಿ ನಗುತ್ತಿದ್ದಳು. ನಾನು ಕನ್ನಡಿಯಲ್ಲಿ ಅವಳ ಬೆರಳು ಆಡುವುದನ್ನು ನೋಡಿ, ಸರಿಯಾದ ಹೊತ್ತಿಗೆ ಕಾಲು ಎಳೆದುಕೊಂಡು "ಅಯ್ಯಯ್ಯಪ್ಪ" ಎಂದು ನಗುತ್ತಿದ್ದೆ. ಮನೆಯವರೆಲ್ಲ ನೋಡಿ ಸಂತೋಷಪಟ್ಟರು. ಕಾಲಿಗೆ ಜೀವ ಬಂತು ಎಂದುಕೊಂಡರು. ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ.

ಅಷ್ಟರಲ್ಲಿ ಖಾಜಾ ಎರಡನೆಯ ಸಲ ಹೋಗಿ ಪಾಸಾಗಿ ಬಂದಿದ್ದ, ಈ ಸಲ ಹೊಟ್ಟೆ ತುಂಬ ಉಂಡು. ನಾನು ಕಟ್ಟೆಯ ಮೇಲೆ ಕೂತು ಅವನ ಲಾರಿ ಹೋಗುವುದನ್ನು ನೋಡುವುದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ.

"ಹಾಲಪ್ಪ, ಅತ್ಲಾಗ ಒಬ್ಬ ಡಾಕ್ಟರ್ ಅದಾನಂತ. ತಲಿ ಎತ್ತಿ ನೋಡಂಗಿಲ್ಲ, ಸಹಿ ಹಾಕ್ತಾನಂತ. ನಾಳಿ ಮುಂಜಾನಿ ಬರ್ತೀನಿ, ತಯಾರಾಗಿರು. ನಿನ್ನ ಮುಖ ನೋಡಾಕ ಆಗವಲ್ದಲೇ ನನಗ."

ನಾನು ಒಪ್ಪಿದೆ. ಬೆಳಿಗ್ಗೆ ಸ್ನಾನ ಮಾಡಿ, ಅದೇ ಇಸ್ತ್ರಿ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕಾಲು ಚಾಚಿ ಕೂತೆ. ಕನ್ನಡಿ ಒಳಗೇ ಇತ್ತು. ಕಣ್ಣು ರಸ್ತೆಯ ಮೇಲೆ. ಈಗ ಬಂದಾನು, ಆಗ ಬಂದಾನು. ಮನಸ್ಸಿನಲ್ಲಿ ಆಗಲೇ ಗಾಡಿ ಸ್ಟಾರ್ಟ್ ಮಾಡಿದ್ದೆ, ಮೆಕ್ಕೆಜೋಳ ತುಂಬಿದ್ದೆ, ದಾವಣಗೆರೆಯ ದಾರಿ ಹಿಡಿದಿದ್ದೆ.

ಯಾರೋ ನನ್ನ ಮೊಣಕಾಲಿಗೆ ಹೊಡೆದರು. ನೋಡಿದರೆ ಚಿನ್ನಿ. ಮುಖ ಸಣ್ಣದಾಗಿದೆ, ಕೆಳತುಟಿ ಹೊರಗೆ ಬಂದಿದೆ. ನಾನು "ಏನವ್ವಾ?" ಎಂದೆ. ಅವಳು ಬಾಯಿ ತೆರೆದು ಅತ್ತಳು. ಬಿದ್ದರೂ ಅಳದ ಕೂಸು.

ಗಂಗಮ್ಮ ಬಾಗಿಲಲ್ಲಿ ನಿಂತಿದ್ದಳು. "ಎಷ್ಟೊತ್ತಿಂದ ಕಚಗುಳಿ ಇಡಾಕತ್ತಾಳ. ನೀವು ನಗಲೇ ಇಲ್ಲ" ಎಂದಳು.

ಅವಳು ಹತ್ತಿರ ಬಂದಳು.

"ಹಂಗಾರ ಇಷ್ಟು ದಿನ ನಕ್ಕಿದ್ದು?"

"ಕನ್ನಡ್ಯಾಗ ನೋಡಿ ನಕ್ಕಿದ್ದು."

ಅವಳು ಕೂಸನ್ನು ಎತ್ತಿಕೊಂಡು ಸೆರಗಿನಿಂದ ಅದರ ಮೂಗು ಒರೆಸಿದಳು. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ನನ್ನ ಮುಂದೆಯೇ, ನನ್ನ ಕಾಲಿನ ಮೇಲೆಯೇ ಒಂದು ಜೀವ ಆಡುತ್ತಿತ್ತು. ನೋಡದಿದ್ದರೆ ಅದು ಇದೆ ಎಂದೇ ನನಗೆ ತಿಳಿಯಲಿಲ್ಲ. ಈ ಕಾಲು ತೆಗೆದುಕೊಂಡು ಯಾರ ಊರಿನ ರಸ್ತೆಗೆ, ಯಾರ ಮಕ್ಕಳ ನಡುವೆ ಹೋಗಲು ನಾನು ಅಂಗಿ ಹಾಕಿಕೊಂಡು ಕೂತಿದ್ದೆ?

ಖಾಜಾ ಬಂದು ಹಾರ್ನ್ ಹೊಡೆದ. "ನಾ ಬರಂಗಿಲ್ಲೋ" ಎಂದೆ.

"ಯಾಕಲೇ? ಎಲ್ಲಾ ಮಾತಾಡಿಟ್ಟೀನಿ."

"ತಲಿ ಎತ್ತದ ಡಾಕ್ಟರ್ ಬ್ಯಾಡ. ಆ ಹಡಗಲಿ ಮೇಡಂ ಮುಟ್ಟಿ ನೋಡ್ಲಿ. ಹೂಂ ಅನ್ನಾಕ ಬಂದ್ರ ಗಾಡಿ. ಬರ್ಲಿಲ್ಲಂದ್ರ ಕಟ್ಟಿ."

ಖಾಜಾ ಬೈಕ್ ಆಫ್ ಮಾಡಿ ಬಂದು ಪಕ್ಕದಲ್ಲಿ ಕೂತ. "ನಿನಗ ಕಟ್ಟಿ ಮ್ಯಾಲ ಕುಂದ್ರೋದು ಹೊಂದಂಗಿಲ್ಲ" ಎಂದಷ್ಟೇ ಹೇಳಿದ. ಗಂಗಮ್ಮ ಚಹಾ ತಂದಳು, ಇಬ್ಬರಿಗೂ ಸಕ್ಕರೆ ಇಲ್ಲದ್ದು. ಕುಡಿದು ಎದ್ದ.

ಅಲ್ಲಿಂದ ನಾನು ಮನಸ್ಸಿಟ್ಟು ಮಾಡಿದೆ. ಅದರಲ್ಲಿ ದೊಡ್ಡದೇನೂ ಇಲ್ಲ. ಮಾತ್ರೆ ತಪ್ಪಿಸಲಿಲ್ಲ, ಬರಿಗಾಲು ನೆಲಕ್ಕೆ ಇಡಲಿಲ್ಲ, ಬೆಳಗ್ಗೆ ಸಂಜೆ ಚಿನ್ನಿಯ ಹಿಂದೆ ನಡೆದೆ. ಅವಳ ಹಿಂದೆ ನಡೆಯುವುದೆಂದರೆ ನಡಿಗೆಯಲ್ಲ, ಓಟ. ಹೋದ ನರ ಎಲ್ಲವೂ ಮರಳುವುದಿಲ್ಲ, ಸಾಯದೆ ಉಳಿದದ್ದು ಚೇತರಿಸಿಕೊಂಡರೆ ಅದೇ ಪುಣ್ಯ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮೆಕ್ಕೆಜೋಳದ ಸೀಜನ್ ನನ್ನ ಕಣ್ಣೆದುರೇ ಮುಗಿಯಿತು. ಬೇವಿನ ಎಲೆ ಉದುರಿ ಲಾರಿಯ ಮೇಲೆ ಬಿತ್ತು, ಮತ್ತೆ ಚಿಗುರಿತು. ನನ್ನ ಕಾಲಿನಲ್ಲಿ ರಾತ್ರಿಯ ಹೊತ್ತು ಇರುವೆ ಹರಿದಾಡಿದ ಹಾಗೆ ಆಗತೊಡಗಿತು. ಮೊದಲು ಹೆದರಿದೆ, ಆಮೇಲೆ ಯಾರಿಗೂ ಹೇಳದೆ ಕಾದೆ.

ಎರಡನೆಯ ಪರೀಕ್ಷೆಗೆ ಗಂಗಮ್ಮನೂ ಬಂದಳು. ಹೊಟ್ಟೆ ತುಂಬ ರೊಟ್ಟಿ ತಿಂದೇ ಹೋದೆ. ಅದೇ ಮಂಚ, ಅದೇ ಕಿರ್ರೆನ್ನುವ ಫ್ಯಾನು. ಕಣ್ಣು ಮುಚ್ಚಿದೆ. ಬಲಗಾಲು ಮುಗಿಯಿತು. ಆಮೇಲೆ ಸದ್ದಿಲ್ಲ. ಎಲ್ಲೋ ದೂರದಲ್ಲಿ, ನಮ್ಮ ಮನೆಯ ಹಿತ್ತಲಲ್ಲಿ ಯಾರೋ ಬಾಗಿಲು ತಟ್ಟಿದ ಹಾಗೆ, ಹಿಮ್ಮಡಿಯಲ್ಲಿ ಏನೋ ಆಯಿತು.

"ಹೂಂ" ಎಂದೆ.

ಮತ್ತೆ ಅಂಗಾಲಿನ ನಡುವೆ. ಹೂಂ. ಕಿರುಬೆರಳ ಕೆಳಗೆ. ಹೂಂ. ಹೆಬ್ಬೆರಳ ಬುಡದಲ್ಲಿ, ಆ ಹಳೆಯ ಗಾಯದ ಜಾಗದಲ್ಲಿ, ಏನೂ ಇಲ್ಲ. ಅಲ್ಲಿ ಮುಟ್ಟಿದ್ದರಂತೆ.

ಡಾಕ್ಟರು ಕಾಲನ್ನು ಅಲ್ಲಾಡಿಸಿ, ಬೆರಳು ಮೇಲಿದೆಯೋ ಕೆಳಗಿದೆಯೋ ಕೇಳಿದರು. ಆಸ್ಪತ್ರೆಯದೇ ಒಂದು ಬೂಟು ಹಾಕಿಸಿ ತಮ್ಮ ಅಂಗೈಯನ್ನು ಪೆಡಲಿನ ಹಾಗೆ ಹಿಡಿದು, ಮೆಲ್ಲಗೆ ಒತ್ತಿ, ಜೋರಾಗಿ ಒತ್ತಿ, ಅರ್ಧ ಬಿಡಿ ಎಂದರು. ಎಲ್ಲ ಮಾಡಿದೆ. ಮೂರು ತಿಂಗಳ ಶುಗರಿನ ರಿಪೋರ್ಟು ನೋಡಿದರು. ಪೆನ್ನು ತೆಗೆದರು, ಆದರೆ ಕೈಯಲ್ಲೇ ಹಿಡಿದುಕೊಂಡರು.

"ರಾತ್ರಿ ಗಾಡಿ ಬ್ಯಾಡ, ದೂರದ್ದೂ ಬ್ಯಾಡ. ಕರೆದಾಗ ಬಂದು ಕಾಲು ತೋರಿಸ್ಬೇಕು. ಇನ್ನೊಂದು ಮಾತು. ಬರಿಗಾಲಾಗ ಗಾಡಿ ಹತ್ತೋದಾದ್ರ ನಾ ಸಹಿ ಹಾಕಂಗಿಲ್ಲ. ಹೇಳ್ರಿ ಅಜ್ಜಾರ."

ಸುಳ್ಳು ಹೂಂ ಬಾಯಿಗೆ ಬರಲಿಲ್ಲ. ಅಷ್ಟು ವರ್ಷ ಬೇರೆಯವರ ಚಪ್ಪಲಿ ಬಿಚ್ಚಿಸಿದವನು ನಾನು. ನಾನು ತಡವರಿಸುವುದನ್ನು ನೋಡಿ ಗಂಗಮ್ಮ ನನ್ನ ಕಡೆ ತಿರುಗಿದಳು.

"ದಿನಾ ದೇವರ ಮುಂದ ಊದಿನಕಡ್ಡಿ ಹಚ್ಚಿದ್ರಿ. ಆ ವಾಸನ್ಯಾಗ ನಿಮ್ಮ ಕಾಲು ಸುಟ್ಟ ವಾಸನಿ ಅವನಿಗೆ ಛಲೋ ಅನಿಸಿತ್ತೇನು?" ಎಂದಳು. ಆಮೇಲೆ ಡಾಕ್ಟರಿಗೆ, "ಸಹಿ ಹಾಕ್ರೆವ್ವಾ. ಬೂಟು ನಾ ಹಾಕಸ್ತೀನಿ."

ಸಹಿ ಬಿತ್ತು.

ವೀರೇಶ ಕ್ಯಾಬಿನ್ನಿನ ತಗಡಿನ ಮೇಲೆ ಕಾವು ತಡೆಯುವ ದಪ್ಪನೆಯ ಹಾಸು ಬಡಿದು ಕೊಟ್ಟ. "ಕ್ಲಚ್ಚಿಗೆ ಈಗರ ಕ್ಷಮಾ ಕೇಳಣ್ಣ" ಎಂದು ಛೇಡಿಸಿದ. ನಾನು ಪೆಡಲಿಗೆ ಕೈಮುಗಿದೆ, ಅವನಿಗೆ ಖುಷಿಯಾಗಲಿ ಎಂದು. ಸ್ವಲ್ಪ ನಿಜವಾಗಿಯೂ.

ಮೊದಲು ಬಂದ ಶುಕ್ರವಾರ ಗಂಗಮ್ಮ ಲಾರಿಗೆ ನೀರು ಹಾಕಿ, ವಿಭೂತಿ ಬಳಿದು, ಹೂವು ಏರಿಸಿದಳು. ಡಾಕ್ಟರು ಹೇಳಿದ ಮೆತ್ತನೆಯ ಹೊಸ ಬೂಟನ್ನು ಡಬ್ಬಿಯಿಂದ ತೆಗೆದು ಅದಕ್ಕೂ ಕುಂಕುಮ ಹಚ್ಚಿ ಕ್ಯಾಬಿನ್ನಿನ ಒಳಗೇ ಇಟ್ಟಳು. ಅದು ನೆಲ ಮುಟ್ಟುವುದಿಲ್ಲ, ಕ್ಯಾಬಿನ್ ಬಿಟ್ಟು ಇಳಿಯುವುದಿಲ್ಲ. ಹೊರಗಿನದನ್ನು ಮೆಟ್ಟಿಲ ಮೇಲೆ ಬಿಚ್ಚುವುದು, ಒಳಗಿನದನ್ನು ಸೀಟಿನ ಮೇಲೆ ಕೂತು ಹಾಕಿಕೊಳ್ಳುವುದು. ದೇವರಿಗೂ ಡಾಕ್ಟರಿಗೂ ಅವಳು ಮಾಡಿದ ಒಪ್ಪಂದ ಇದು. ಖಾಜಾನೂ ಈಗ ಹಾಗೆಯೇ ಒಂದು ಜೊತೆ ಇಟ್ಟುಕೊಂಡಿದ್ದಾನೆ. ಲಾರಿ ಸ್ಟ್ಯಾಂಡಿನಲ್ಲಿ ಮೊದಲು ನಕ್ಕರು, ಈಗ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ.

ಕೀಲಿ ತಿರುಗಿಸಿದೆ. ಬೂಟಿನ ಒಳಗಿನಿಂದ ಗಾಡಿಯ ಮಾತು ಮೊದಲಿನ ಹಾಗೆ ಕೇಳುವುದಿಲ್ಲ. ಆದರೆ ಮೊಣಕಾಲಿಗೆ ಬರುತ್ತದೆ, ಸೊಂಟಕ್ಕೆ ಬರುತ್ತದೆ, ಕಿವಿಗೆ ಬರುತ್ತದೆ. ಅಂಗಾಲು ಒಂದೇ ಮಾಡುತ್ತಿದ್ದ ಕೆಲಸವನ್ನು ಈಗ ಮೈಯೆಲ್ಲ ಹಂಚಿಕೊಂಡಿದೆ. ಮೆಲ್ಲಗೆ ಕ್ಲಚ್ ಬಿಟ್ಟೆ. ಹಿಡಿಯಿತು. ಬೇವಿನ ಎಲೆ ಮೇಲಿಂದ ಉದುರಿತು. ಬೀದಿಯ ಕೊನೆಯವರೆಗೆ ಹೋಗಿ ಬಂದು ನಿಲ್ಲಿಸಿದೆ. ಆವತ್ತಿಗೆ ಅಷ್ಟೇ ಸಾಕಾಗಿತ್ತು. ಶಿಲ್ಪಾಳ ಕಂಕುಳಲ್ಲಿ ಚಿನ್ನಿ ಎರಡೂ ಕೈ ಬಡಿಯುತ್ತಿದ್ದಳು, ಲಾರಿ ತಾನೇ ಓಡಿಸಿದ ಹಾಗೆ.

ಇಳಿದು ಕಟ್ಟೆಯ ಮೇಲೆ ಕಾಲು ಚಾಚಿದೆ. ಚಿನ್ನಿ ತನ್ನನ್ನು ಇಳಿಸು ಎಂದು ತಾಯಿ ಜೊತೆ ಜಗಳಾಡಿ, ಓಡಿ ಬಂದು ಅಂಗಾಲಿನ ಮುಂದೆ ಕೂತಳು. ಕನ್ನಡಿ ಪಕ್ಕದಲ್ಲೇ ಇತ್ತು. ಅದನ್ನು ಬೋರಲು ಹಾಕಿ, ಲಾರಿಯ ಕಡೆ ಮುಖ ತಿರುಗಿಸಿ ಕೂತೆ. ಗಂಗಮ್ಮ ಕಂಬಕ್ಕೆ ಒರಗಿ ನೋಡುತ್ತಿದ್ದಳು.

ಏನೂ ಆಗಲಿಲ್ಲ. ಚಿನ್ನಿ ಆ ಸತ್ತ ಜಾಗದಲ್ಲಿ ಆಡುತ್ತಿದ್ದಳೋ ಏನೋ. ನಾನು ತಿರುಗಿ ನೋಡಲಿಲ್ಲ, ನಗಲೂ ಇಲ್ಲ. ಇರಲಿ, ಹುಡುಕಲಿ ಎಂದು ಕಾದೆ. ಆಮೇಲೆ ಹಿಮ್ಮಡಿಯ ಒಳಬದಿಯಲ್ಲಿ, ಮಳೆಯ ಮೊದಲ ಹನಿ ಬಿದ್ದ ಹಾಗೆ, ಒಂದು ಬೆರಳು.

"ಹೂಂ" ಎಂದೆ.